ಅರಿಶಿನ ಬೊಟ್ಟಿನ ಕಡಜ

“ಬುದ್ಧೀ, ಮಾದಜ್ಜನನ್ನು ಅವರ ಮೊಮ್ಮಗಳ ಊರಿಗೆ ಕಳಿಸಿಬಿಡಲೇ?” ಎಂದು ಸಿದ್ದವೀರ ಗುರುಗಳನ್ನು ಕೇಳಿದ.

ಮಠದ ಉಸ್ತುವಾರಿ ಅವನ ಕೈಗೆ ಬಂದು ಒಂದು ತಿಂಗಳಾಗಿತ್ತು. ಒಂದು ಕಾಲಕ್ಕೆ ಊಟಕ್ಕೆ ಅರವತ್ತು ಎಲೆ ಹಾಕುತ್ತಿದ್ದ ಪಡಸಾಲೆಯಲ್ಲಿ ಈಗ ಒಂಬತ್ತು ಎಲೆ. ಅದರಲ್ಲಿ ಮಾದಜ್ಜನದೂ ಒಂದು. ಅಜ್ಜ ಕಸ ಗುಡಿಸುವುದಿಲ್ಲ, ನೀರು ಸೇದುವುದಿಲ್ಲ, ಪಾಠ ಹೇಳುವುದಿಲ್ಲ. ಕಂಬಕ್ಕೆ ಒರಗಿ ಕೂತಿರುತ್ತಾನೆ.

“ಗಾಡಿ ಬಂದಿದೆಯೇ?” ಎಂದರು ಗುರುಗಳು.

“ಬಾಗಿಲಲ್ಲೇ ನಿಂತಿದೆ, ಬುದ್ಧೀ.”

“ಎತ್ತು ಬಿಚ್ಚಲು ಹೇಳಿ ಬಾ. ಸ್ವಲ್ಪ ಹೊತ್ತು ಹಿಡಿಯುತ್ತದೆ.”

ಸಿದ್ದವೀರ ಹೇಳಿ ಬಂದು ಕೂತ. ಗುರುಗಳು ಕತೆ ಹೇಳಿದರು.

ಒಬ್ಬ ಬಣ್ಣಗಾರನಿದ್ದ. ನೂಲಿಗೆ ಬಣ್ಣ ಹಾಕುವುದು ಅವನ ಕಸುಬು. ಅವನ ಅಂಗಳದ ಸೂರಿನಡಿ ಕಡಜಗಳು ಗೂಡು ಕಟ್ಟಿದ್ದವು. ಜೇನಿನಂತೆ ಮೇಣದ ಗೂಡಲ್ಲ. ಮರ ಕೆರೆದು, ಎಂಜಲಲ್ಲಿ ಅಗಿದು ಮಾಡಿದ ಕಾಗದದ ಗೂಡು. ಒಂದು ಸಣ್ಣ ತೊಟ್ಟಿನಲ್ಲಿ ತೂಗುತ್ತಿತ್ತು. ನೂಲು ಒಣಹಾಕುವ ಹಳೆಯ ಗಳುಗಳನ್ನೇ ಅವು ಕೆರೆಯುತ್ತಿದ್ದವು. ಗಳುಗಳಿಗೆ ನೀಲಿ ಹತ್ತಿತ್ತು. ಹಾಗಾಗಿ ಬೂದು ಗೂಡಿನಲ್ಲಿ ಅಲ್ಲಲ್ಲಿ ನೀಲಿ ಗೆರೆ. ಆ ಗೆರೆ ಕಂಡರೆ ಬಣ್ಣಗಾರನಿಗೆ ತನ್ನ ಕೈಕೆಲಸ ಕಂಡಷ್ಟೇ ಹಿಗ್ಗು. ಮಧ್ಯಾಹ್ನ ಅವು ಗಳು ಕೆರೆಯುವ ಕರಕರ ಸದ್ದು ಕೇಳುತ್ತ ನಿದ್ದೆ ಹೋಗುತ್ತಿದ್ದ. ಅವನ ಹೆಂಡತಿ ಗೂಡಿನ ಕೆಳಗೇ ತಲೆ ಬಗ್ಗಿಸಿ ನಡೆದು ನೂಲು ಹರವುತ್ತಿದ್ದಳು. ಒಂದು ದಿನವೂ ಒಂದು ಹುಳವೂ ಕುಟುಕಲಿಲ್ಲ.

ಗೂಡು ಇನ್ನೂ ದೊಡ್ಡದಾಗಲಿ ಎಂದು ಅವನಿಗೆ ಆಸೆ. ಯಾವ ಹುಳ ಏನು ಮಾಡುತ್ತದೆ ನೋಡೋಣವೆಂದುಕೊಂಡ. ಎಲ್ಲಕ್ಕೂ ಒಂದೇ ರೂಪ, ಒಂದೇ ಗಾತ್ರ. ಬೆಳಗಿನ ಚಳಿಗೆ ಅವು ಅಲುಗಾಡದೆ ಕೂತಿರುವಾಗ, ಕಡ್ಡಿಯ ತುದಿಯಿಂದ ಒಂದೊಂದರ ಬೆನ್ನಿಗೂ ಒಂದೊಂದು ಬಣ್ಣದ ಬೊಟ್ಟಿಟ್ಟ.

“ನೇಕಾರರ ನೂಲು ನಾಳೆ ಮುಟ್ಟಬೇಕು. ನಮ್ಮ ಯಜಮಾನರು ನೋಡಿದರೆ ಹುಳಕ್ಕೆ ಬಣ್ಣ ಹಾಕ್ತಾ ನಿಂತಿದ್ದಾರೆ” ಎಂದಳು ಹೆಂಡತಿ.

“ತಡಿ, ನಿನಗೂ ಒಂದು ಇಡ್ತೀನಿ. ಯಾರು ದುಡೀತಾರೆ, ಯಾರು ಕೂತು ತಿಂತಾರೆ ಗೊತ್ತಾಗಲಿ.”

“ಮೊದಲು ನಿಮ್ಮ ಬೆನ್ನಿಗೆ ಇಟ್ಕೊಳ್ಳಿ.”

ಹದಿನೈದು ದಿನ ನೋಡಿದ. ನೀಲಿ ಬೊಟ್ಟಿನದು ಮರ ಕೆರೆದು ತರುತ್ತಿತ್ತು. ಕೆಂಪಿನದು ಎಲೆಹುಳು ಹಿಡಿದು ತಂದು ಮರಿಗಳಿಗೆ ಉಣಿಸುತ್ತಿತ್ತು. ಹಸಿರಿನದು ಗೂಡಿನ ತೊಟ್ಟಿಗೆ ಹೊಟ್ಟೆ ಉಜ್ಜಿ, ಇರುವೆಗೆ ಆಗದ ವಾಸನೆ ಬಳಿಯುತ್ತಿತ್ತು. ಅರಿಶಿನ ಬೊಟ್ಟಿನದು ಮಾತ್ರ ಏನೂ ಮಾಡಲಿಲ್ಲ. ಯಾರ ಮೇಲೂ ಏರಿ ಹೋಗಲಿಲ್ಲ. ಗೂಡಿನ ಮೇಲೆ ಹೀಗೆ ಹೋಗಿ ಹಾಗೆ ಬಂದು ಕೂತಿರುತ್ತಿತ್ತು. ಉಳಿದವು ತಂದದ್ದರಲ್ಲಿ ಅದಕ್ಕೂ ಪಾಲು ಸಿಗುತ್ತಿತ್ತು.

ಕೂತು ತಿನ್ನುವ ಬಾಯಿ ಒಂದು ಕಡಿಮೆಯಾದರೆ ಗೂಡು ಬೇಗ ಬೆಳೆದೀತು ಎಂದು ಬಣ್ಣಗಾರನಿಗೆ ಅನ್ನಿಸಿತು. ಕೊಲ್ಲಲು ಮನಸ್ಸಾಗಲಿಲ್ಲ. ಒಂದು ಬೆಳಿಗ್ಗೆ ಅದನ್ನು ಕುಡಿಕೆಯಲ್ಲಿ ಮುಚ್ಚಿಕೊಂಡು ಹೋಗಿ, ಒಂದು ಹರದಾರಿ ಆಚೆ ಬಿಟ್ಟು ಬಂದ.

ಅವನು ಮರಳುವಷ್ಟರಲ್ಲಿ ಕೆಂಪು ಬೊಟ್ಟಿನದು ಬೇರೆಯೇ ಆಗಿತ್ತು. ಎದುರಿಗೆ ಸಿಕ್ಕಿದ್ದನ್ನೆಲ್ಲ ಕಚ್ಚಿ ಕೆಡವುತ್ತಿತ್ತು. ಮರಿಗಳಿಗೆ ಉಣಿಸುವವರಿಲ್ಲ. ಹಸಿರಿನದು ಪೆಟ್ಟು ತಾಳದೆ ಹಾರಿಹೋಯಿತು, ಮತ್ತೆ ಬರಲಿಲ್ಲ. ಅದರ ಹಿಂದೆ ಇನ್ನಷ್ಟು ಹೋದವು. ತೊಟ್ಟಿನ ವಾಸನೆ ಆರಿತು. ನಾಲ್ಕನೆಯ ದಿನ ಇರುವೆಗಳು ಸಾಲುಗಟ್ಟಿ ಇಳಿದು ಮರಿಗಳನ್ನು ಹೊತ್ತೊಯ್ದವು. ಬಣ್ಣಗಾರ ಕುಡಿಕೆ ಹಿಡಿದು ಆ ಒಂದು ಹರದಾರಿ ಓಡಿದ. ಸಂಜೆಯವರೆಗೆ ಗಿಡಗಿಡ ಹುಡುಕಿದ. ಅರಿಶಿನ ಬೊಟ್ಟು ಕಾಣಲಿಲ್ಲ.

ಎಂಟು ದಿನಕ್ಕೆ ಕೆಂಪು ಬೊಟ್ಟಿನದು ತಾನಾಗಿ ತಣ್ಣಗಾಯಿತು. ಅರಿಶಿನದ ಜಾಗಕ್ಕೇ ಹೋಗಿ ಕೂತಿತು. ಆಮೇಲೆ ಅದೂ ಏನೂ ಮಾಡಲಿಲ್ಲ. ಬಣ್ಣಗಾರ ಏಣಿ ಹಾಕಿ ನೋಡಿದ. ಇರುವೆ ಬರಿದು ಮಾಡಿದ ಕೋಣೆಗಳಲ್ಲಿ ಒಂದೊಂದು ಹೊಸ ಮೊಟ್ಟೆ ಇತ್ತು. ಇಟ್ಟದ್ದು ಕೆಂಪಿನದು; ಮೊದಲು ಆ ಕೆಲಸ ಅರಿಶಿನದ್ದಾಗಿತ್ತು. ಅಷ್ಟು ಹುಳಗಳ ತಾಯಿಯನ್ನು ಅವನು ಕುಡಿಕೆಯಲ್ಲಿ ಹೊತ್ತೊಯ್ದಿದ್ದ.

ಮೊಟ್ಟೆ ಇದ್ದವು, ಸಾಕಲು ಉಳಿದಿದ್ದುದು ನಾಲ್ಕೇ ಹುಳ. ಗೂಡು ಮೊದಲಿನಂತಾಗಲೇ ಇಲ್ಲ. ಒಂದು ಮಳೆಗಾಲ ಕಳೆದ ಮೇಲೆ ಸೂರಿನಲ್ಲಿ ತೊಟ್ಟು ಮಾತ್ರ ಇತ್ತು.

ಬಣ್ಣಗಾರ ಮುದುಕನಾದ. ಗಳುಗಳು ಅಲ್ಲೇ ಇದ್ದವು. ಕರಕರ ಸದ್ದಿಲ್ಲದೆ ಮಧ್ಯಾಹ್ನ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹೆಂಡತಿ ನೂಲು ಹರವಲು ಬಂದಾಗ ಕಣ್ಣು ತೆರೆದು ನೋಡುತ್ತಿದ್ದ. ಆ ಸೂರಿನ ಕೆಳಗೆ ಅವಳು ಆಗಲೂ ತಲೆ ಬಗ್ಗಿಸಿಯೇ ನಡೆಯುತ್ತಿದ್ದಳು.

ಗುರುಗಳು ನಿಲ್ಲಿಸಿದರು. ಹೊರಗೆ ಎತ್ತಿನ ಕೊರಳಗಂಟೆ ಅಲುಗಿತು.

“ಹುಳದ ಮಾತು ಸರಿ, ಬುದ್ಧೀ. ಮಾದಜ್ಜ ಹೋದರೆ ಇಲ್ಲಿ ಯಾರು ಯಾರನ್ನು ಕಚ್ಚುತ್ತಾರೆ?” ಎಂದ ಸಿದ್ದವೀರ.

ಗುರುಗಳು ಪಡಸಾಲೆಯ ಕಡೆ ನೋಡಿದರು.

“ಅರವತ್ತು ಎಲೆ ಹಾಕುತ್ತಿದ್ದ ಕಾಲದಲ್ಲೂ ಆ ಕಂಬಕ್ಕೆ ಒಬ್ಬರು ಒರಗಿ ಕೂರುತ್ತಿದ್ದರು, ಅವರಿಗೆ ಗಾಡಿ ಕರೆಸಿದವನು ನಾನು.”