ಮಾಬೂಬಿಯ ದುಂಬಿ

ಹರಿಹರದ ಹೊಳೆದಂಡೆಯಲ್ಲಿ ಒಬ್ಬ ಗುರುಗಳಿದ್ದರು. ಹೆಸರು ಇನ್ನಾಸಪ್ಪ. ಗಡ್ಡವಿರಲಿಲ್ಲ, ಕಾವಿಯಿರಲಿಲ್ಲ, ಯಾರಾದರೂ ಕಾಲಿಗೆ ಬಿದ್ದರೆ ಬೈಯುತ್ತಿದ್ದರು. ನಲವತ್ತು ವರ್ಷ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಬಾರಿಸಿ, ಈಗ ತುಂಗಭದ್ರೆ ಕಾಣುವ ಹೆಂಚಿನ ಕೊಠಡಿಯೊಂದರಲ್ಲಿ ಕೂತು ಕಲಿಸುತ್ತಿದ್ದರು. ಆಶ್ರಮ ಎನ್ನುವುದಾದರೆ ಅದೇ ಆಶ್ರಮ.

ಅವರ ಶಿಷ್ಯರಲ್ಲಿ ಕೊಟ್ರೇಶ ಎಂಬವನ ಕಿವಿ ಬಲು ಚುರುಕು. ನಾಲಿಗೆ ಅದಕ್ಕಿಂತ ಚುರುಕು.

ಕೊಟ್ರೇಶನದೊಂದು ವಿಡಿಯೋ ಚಾನೆಲ್ ಇತ್ತು. ಗಿಟಾರಿಗೆ ಸೇರಿಸುವ ಪೆಡಲ್‌ಗಳನ್ನು, ಅಂದರೆ ಕಾಲಿನಲ್ಲಿ ಒತ್ತಿ ದನಿ ಬದಲಾಯಿಸುವ ಪುಟ್ಟ ಪೆಟ್ಟಿಗೆಗಳನ್ನು, ಕೊಂಡು ತಂದು ಬಾರಿಸಿ ಒಳ್ಳೆಯದೋ ಕೆಟ್ಟದ್ದೋ ಹೇಳುತ್ತಿದ್ದ. ಆಮೇಲೆ ಅದನ್ನು ಮಾರಿ ಇನ್ನೊಂದು ತರುತ್ತಿದ್ದ. ಅವನು ಹೂಂ ಅಂದದ್ದನ್ನು ಜನ ಕೊಳ್ಳುತ್ತಿದ್ದರು, ಉಹೂಂ ಅಂದದ್ದನ್ನು ಬಿಡುತ್ತಿದ್ದರು.

ಅವನಿಗೊಂದು ನೇಮವಿತ್ತು. ಪೆಡಲ್ ಮಾಡುವವರು ಕಳಿಸುವ ಮೆಸೇಜುಗಳನ್ನು ಅವನು ತೆರೆಯುತ್ತಲೇ ಇರಲಿಲ್ಲ. ಓದಿದರೆ ಮನಸ್ಸು ಮೆತ್ತಗಾಗಿ ತೀರ್ಪು ವಾಲುತ್ತದೆ ಎಂಬ ಭಯ. ಈ ನೇಮದ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ ಇತ್ತು ಅನ್ನುವುದನ್ನೂ ಹೇಳಿಬಿಡಬೇಕು.

ಒಂದು ಬೆಳಿಗ್ಗೆ ಕೊಟ್ರೇಶ ತಾಮ್ರದ ಬಣ್ಣದ ಪೆಟ್ಟಿಗೆಯೊಂದನ್ನು ಗುರುಗಳ ಮುಂದಿಟ್ಟ. ಅದರ ಮೇಲೆ ಯಾರೋ ಕೈಯಿಂದ ಬಿಡಿಸಿದ ದುಂಬಿಯ ಚಿತ್ರವಿತ್ತು.

"ಮೇಷ್ಟ್ರೆ, ಇದನ್ನ ಮಾರಬೇಕು. ಯಾರಾದ್ರೂ ಇದ್ರೆ ಹೇಳಿ."

"ಏನಿದು?"

"ಫಜ್ ಪೆಡಲ್. ದುಂಬಿ ಅಂತ ಹೆಸರು. ಗದಗಿನಾಗೆ ಮಾಬೂಬಿ ಅಂತ ಒಬ್ರು ಮನೇಲೇ ಕೂತು ಒಂದೊಂದಾಗಿ ಕಟ್ತಾರೆ. ಆರು ತಿಂಗಳು ಪಾಳಿ ಕಾದು ತರಿಸಿದೆ."

ಫಜ್ ಎಂದರೆ ಗಿಟಾರಿನ ನುಣುಪು ದನಿಯನ್ನು ಒಡೆದು, ಒರಟಾಗಿಸಿ, ಗುಂಯ್‌ಗುಟ್ಟುವ ಹಾಗೆ ಮಾಡುವುದು. ಕೆಟ್ಟ ಫಜ್ ಯಾರು ಬೇಕಾದರೂ ಮಾಡಬಹುದು. ಒಳ್ಳೆಯದಕ್ಕೆ ಜನ ತಿಂಗಳುಗಟ್ಟಲೆ ಕಾಯುತ್ತಾರೆ.

"ಹೆಂಗೈತೆ?" ಎಂದರು ಗುರುಗಳು.

"ದಂಡ. ವಿಡಿಯೋದಲ್ಲೂ ಹೇಳಿದೀನಿ, ಇದು ದುಂಬಿಯಲ್ಲ, ತಗಡಿನ ಡಬ್ಬಿಯಾಗೆ ಸಿಕ್ಕಿಹಾಕ್ಕೊಂಡಿರೋ ನೊಣ ಅಂತ. ಜನ ಬಿದ್ದುಬಿದ್ದು ನಕ್ಕರು. ಆ ಮಾತನ್ನೇ ಎಲ್ಲ ಕಡೆ ಕಳಿಸ್ತಿದಾರೆ."

"ದಂಡ ಅಂತ ನೀನೇ ಹೇಳಿದ್ದನ್ನ ಇನ್ನೊಬ್ರಿಗೆ ಮಾರ್ತೀಯೇನಲೇ?"

"ದಂಡ ಅಂತ ಹೇಳೇ ಮಾರ್ತೀನಿ ಮೇಷ್ಟ್ರೆ. ಮೋಸ ಇಲ್ಲ."

"ಹಂಗಾದ್ರೆ ನಾನೇ ತಗೊಳ್ತೀನಿ. ಬಾರಿಸಿ ತೋರಿಸು."

ಹಳೆಯ ಆರ್ಕೆಸ್ಟ್ರಾದವರಲ್ಲಿ ಒಂದು ಪದ್ಧತಿ ಇತ್ತು. ವಾದ್ಯ ಮಾರುವವನು ಕೊಳ್ಳುವವನ ಎದುರಿಗೇ ಅದನ್ನು ಬಾರಿಸಿ ತೋರಿಸಬೇಕು. ಆಗ ಮಾರುವ ಸಾಮಾನಿನ ಜೊತೆ ತನ್ನ ಬೇರೆ ಯಾವ ಸಾಮಾನನ್ನೂ ಸೇರಿಸಕೂಡದು. ಕೊಟ್ರೇಶನ ಕಾಲಕ್ಕೆ ಆ ಪದ್ಧತಿ ಮರೆತುಹೋಗಿತ್ತು.

ಕೊಟ್ರೇಶ ಪೆಡಲ್ ಜೋಡಿಸಿದ ತನ್ನ ಹಲಗೆಯನ್ನು ಚೀಲದಿಂದ ತೆಗೆದ. ಅದರ ಮೇಲೆ ಏಳು ಪೆಡಲ್‌ಗಳು ಸಾಲಾಗಿ ಅಂಟಿಕೊಂಡಿದ್ದವು. ಎಲ್ಲಕ್ಕಿಂತ ಮೊದಲು ಟ್ಯೂನರ್, ತಂತಿಗಳು ಶ್ರುತಿಯಲ್ಲಿವೆಯೇ ಎಂದು ದೀಪ ಹಚ್ಚಿ ತೋರಿಸುವಂಥದ್ದು. ಗಿಟಾರಿನ ವೈರನ್ನು ಟ್ಯೂನರಿಗೆ ಚುಚ್ಚಿ, ಟ್ಯೂನರಿನಿಂದ ದುಂಬಿಗೆ, ದುಂಬಿಯಿಂದ ಗುರುಗಳ ಸ್ಪೀಕರಿಗೆ ಸೇರಿಸಿ, ಬಾರಿಸಿದ.

ದನಿ ತೆಳ್ಳಗೆ, ಕೀರಲಾಗಿ ಬಂತು. ನೊಣದಂತೆಯೇ ಇತ್ತು.

"ಕೇಳಿದ್ರಾ?"

"ಕೇಳ್ದೆ. ಆ ದೀಪದ ಪೆಡಲ್ನೂ ನಂಗೆ ಮಾರ್ತೀಯೇನು?"

"ಇಲ್ಲ, ಅದು ನಂದು. ಎಲ್ಲ ವಿಡಿಯೋದಲ್ಲೂ ಅದು ಇದ್ದೇ ಇರುತ್ತೆ."

"ಹಂಗಾದ್ರೆ ಅದನ್ನ ತೆಗಿ. ಮಾರೋದನ್ನಷ್ಟೇ ತೋರಿಸು."

ಕೊಟ್ರೇಶ ಟ್ಯೂನರನ್ನು ಬಿಚ್ಚಿ ಪಕ್ಕಕ್ಕಿಟ್ಟ. ಗಿಟಾರಿನ ವೈರನ್ನು ನೇರವಾಗಿ ದುಂಬಿಗೆ ಚುಚ್ಚಿ ತಂತಿ ಮೀಟಿದ.

ಕೊಠಡಿ ತುಂಬಿತು. ದಪ್ಪಗೆ, ಬೆಚ್ಚಗೆ ಇದ್ದ ಆ ದನಿ ಕಿಟಕಿಯ ಸರಳುಗಳನ್ನು ಸಣ್ಣಗೆ ನಡುಗಿಸಿತು. ಗುರುಗಳು ಕೈಚಾಚಿ ಗಿಟಾರಿನ ಮೇಲಿನ ದನಿಯ ತಿರುಪನ್ನು ಒಂದಿಷ್ಟು ಇಳಿಸಿದರು. ಒರಟೆಲ್ಲ ಕರಗಿ, ಕೆನೆ ಸರಿಸಿದಾಗ ಹಾಲು ಕಾಣುವ ಹಾಗೆ ತಂತಿಯ ಸ್ವಚ್ಛ ನಾದ ಕಂಡಿತು.

ಕೊಟ್ರೇಶನ ಬೆರಳು ನಿಂತವು.

"ಈ ಥರದ ಫಜ್‌ಗೆ ಗಿಟಾರೇ ನೇರ ಸಿಗಬೇಕು," ಎಂದರು ಗುರುಗಳು. "ನಡುವೆ ಇನ್ನೊಂದು ಬಂದ್ರೆ ಕಿರುಚ್ತೈತೆ. ನಮ್ಮ ಕಾಲದಾಗೆ ಎಲ್ರಿಗೂ ಗೊತ್ತಿತ್ತು."

"ನಂಗೆ ಹೇಳ್ಲೇ ಇಲ್ಲವಲ್ಲ ಮೇಷ್ಟ್ರೆ."

"ನೀನು ಕೇಳ್ಲೇ ಇಲ್ಲವಲ್ಲ."

ಅವನ ಮುಖ ಬಾಡಿತು. "ವಿಡಿಯೋ ಅಳಿಸಿಬಿಡ್ತೀನಿ. ಈಗಲೇ."

"ನಕ್ಕವರ ಬಾಯಿಂದ ಹೆಂಗೆ ಅಳಿಸ್ತೀಯ?"

ಕೊಟ್ರೇಶ ದುಂಬಿಯ ವೈರು ಬಿಚ್ಚಿಟ್ಟು, "ಏನು ಮಾಡ್ಲಿ?" ಎಂದ.

ಗುರುಗಳು ದುಂಬಿಯನ್ನು ಎತ್ತಿ ಅವನ ಕೈಗಿಟ್ಟರು.

"ಗದಗಿಗೆ ಒಂಬತ್ತೂವರೆಗೆ ಬಸ್ಸೈತೆ."

ಮಾಬೂಬಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವಳ ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದವನು, ಓಣಿಯಲ್ಲಿ ಎಲ್ಲರಿಗೂ ಗೊತ್ತು. ಅಪ್ಪನ ಮೇಜಿನ ಮುಂದೆಯೇ ಅವಳು ಕೂತಿದ್ದಳು. ಐವತ್ತರ ಹತ್ತಿರದ ಹೆಂಗಸು, ಮೂಗಿನ ತುದಿಗೆ ಕನ್ನಡಕ. ಮಂಚದ ಮೇಲೆ ತಾಮ್ರದ ಬಣ್ಣದ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು, ಕೊಂಡವರು ಬೇಡವೆಂದು ವಾಪಸು ಕಳಿಸಿದಂಥವು. ಅವುಗಳ ಬೆಸುಗೆ ಬಿಡಿಸಿ, ಒಳಗಿನ ಸಾಮಾನು ತೆಗೆದು, ಅವಳು ಡಬ್ಬಿಗೆ ಹಾಕುತ್ತಿದ್ದಳು.

ಕೊಟ್ರೇಶ ಬಾಗಿಲಲ್ಲೇ ನಿಂತು ಹೆಸರು ಹೇಳಿದ.

ಮಾಬೂಬಿ ಕನ್ನಡಕದ ಮೇಲಿಂದ ನೋಡಿದಳು. "ನೊಣದ ಸಾಹೇಬ್ರು ನೀವೇನ್ರಿ?"

"ಹೌದ್ರಿ."

"ಒಳಗ ಬರ್ರಿ. ಬಿಸಲಾಗ ಬಂದೀರಿ."

ನೀರು ಕೊಟ್ಟಳು. ಒಂದು ತಟ್ಟೆ ಮಂಡಕ್ಕಿಯ ಗಿರ್ಮಿಟ್ಟು ಕಲಸಿ, ಮೇಲೆ ಹಸಿ ಉಳ್ಳಾಗಡ್ಡಿ ಹಾಕಿ ಮುಂದಿಟ್ಟಳು. ಅವನು ತಟ್ಟೆ ಮುಟ್ಟದೆ ಟ್ಯೂನರಿನ ವಿಷಯ ಹೇಳಿದ. ತಲೆ ತಗ್ಗಿಸಿಯೇ ಹೇಳಿದ.

"ಗೊತ್ತೈತ್ರಿ," ಎಂದಳು ಮಾಬೂಬಿ. "ನಿಮ್ಮ ವಿಡಿಯೋ ಕೇಳಿದ ಕೂಡಲೆ ಗೊತ್ತಾತು. ನಿಮಗ ಮೂರು ಸಲ ಬರದೀನಿ."

ಕೊಟ್ರೇಶ ಫೋನು ತೆಗೆದ. ಎಂದೂ ತೆರೆಯದ ಮೆಸೇಜುಗಳ ನಡುವೆ ಅವಳವು ಮೂರು ಇದ್ದವು.

ಮೊದಲನೆಯದರಲ್ಲಿ, "ಅಣ್ಣಾರ, ಟ್ಯೂನರ್ ತಗದು ಒಮ್ಮೆ ಬಾರಿಸಿ ನೋಡ್ರಿ" ಎಂದಿತ್ತು. ಎರಡನೆಯದರಲ್ಲಿ, "ಪೆಡಲ್ ವಾಪಸ್ ಬರಾಕ ಹತ್ಯಾವ್ರಿ, ದಯಮಾಡಿ ಒಮ್ಮೆ ನೋಡ್ರಿ." ಮೂರನೆಯದು ಚಿಕ್ಕದು. "ಇರ್ಲಿ ಬಿಡ್ರಿ. ನೀವು ಬಾರಿಸೋದು ಭಾಳ ಚಲೋ ಐತಿ."

ಅವನ ಕಣ್ಣು ತುಂಬಿ ಬಂದವು. ಬೈದು ಬರೆದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ.

"ಅಯ್ಯ, ಯಾಕ ಅಳ್ತೀರಿ?" ಎಂದಳು ಮಾಬೂಬಿ. "ನಿಮ್ಮ ಮಾತು ಕೇಳಿ ನನಗ ಬೈದವ್ರು ಭಾಳ ಮಂದಿ. ಮನಿ ಮಟ ಬಂದವ್ರು ನೀವೊಬ್ರ. ನನಗ ಅಷ್ಟ ಸಾಕ್ರಿ. ಗಿರ್ಮಿಟ್ಟು ಮೆತ್ತಗಾಗತೈತಿ, ತಿನ್ರಿ."

ಅವನು ತಿಂದ. ಕಣ್ಣೀರಿಗೆ ಹಸಿಮೆಣಸಿನಕಾಯಿಯ ನೆಪವೂ ಸಿಕ್ಕಿತು.

ಕೈ ತೊಳೆದು ಬಂದಾಗ ಅವಳು ಅವನ ಗಿಟಾರಿನ ಚೀಲವನ್ನೇ ನೋಡುತ್ತಿದ್ದಳು.

"ನನಗ ಬಾರಿಸಾಕ ಬರಂಗಿಲ್ರಿ," ಎಂದಳು, ಸ್ವಲ್ಪ ನಾಚಿಕೊಂಡು. "ಪೆಡಲ್‌ಗೆ ರೇಡಿಯೋ ಹಚ್ಚಿ ಪರೀಕ್ಷಾ ಮಾಡ್ತೀನಿ. ರೇಡಿಯೋ ಕೇಳಿಸಿದ್ದಷ್ಟ ನನಗ ಗೊತ್ತು. ನನ್ನ ಪೆಡಲ್ ಯಾರೂ ನನ್ನ ಮುಂದ ಕೂತು ಬಾರಿಸಿಲ್ಲ. ಒಮ್ಮೆ ಬಾರಿಸ್ತೀರೇನ್ರಿ?"

ಅಪ್ಪನ ಹಳೆಯ ರೇಡಿಯೋದ ಸ್ಪೀಕರಿಗೆ ಸೇರಿಸಿ ಕೊಟ್ರೇಶ ಬಾರಿಸಿದ. ಅವನ ಜೀವನದಲ್ಲಿ ಅಷ್ಟು ಎಚ್ಚರದಿಂದ ಎಂದೂ ಬಾರಿಸಿರಲಿಲ್ಲ. ಮಾಬೂಬಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಲೇ ಕೂತಳು. ಓಣಿಯ ನಾಲ್ಕು ಹೆಂಗಸರು ಬಾಗಿಲಿಗೆ ಬಂದು ನಿಂತರು.

"ಇದು ನಾ ಮಾಡಿದ್ದ ಐತೇನವಾ!" ಎಂದು ಅವಳು ಅವರನ್ನೇ ಕೇಳಿದಳು.

ಹರಿಹರಕ್ಕೆ ಮರಳಿದ ಕೊಟ್ರೇಶ ಹೊಸ ವಿಡಿಯೋ ಮಾಡಿದ. ಹಳೆಯದನ್ನು ಅಳಿಸಲಿಲ್ಲ. ಟ್ಯೂನರ್ ಇಟ್ಟು ಒಮ್ಮೆ ಬಾರಿಸಿದ, ತೆಗೆದು ಒಮ್ಮೆ ಬಾರಿಸಿದ. "ತಪ್ಪು ಪೆಡಲಿಂದಲ್ಲ, ನಂದು. ಆಯಮ್ಮ ಮೂರು ಸಲ ಹೇಳಿದ್ರೂ ನಾನು ಓದ್ಲಿಲ್ಲ," ಎಂದ.

ಈ ಸಲವೂ ಜನ ನಕ್ಕರು, ಅವನನ್ನು ನೋಡಿ. ಕೆಲವರು ಚಾನೆಲ್ ಬಿಟ್ಟೇಹೋದರು. ದುಂಬಿಗೆ ಮಾತ್ರ ಮತ್ತೆ ಪಾಳಿ ಹತ್ತಿತು, ಮೊದಲಿಗಿಂತ ಉದ್ದ. ಸುದ್ದಿ ಬಂದ ದಿನ ಕೊಟ್ರೇಶ ಗುರುಗಳ ಕಾಲಿಗೆ ಬಿದ್ದು ಬೈಸಿಕೊಂಡ.

"ಆ ದಿನ ನೀವು ಕೊಳ್ತೀನಿ ಅನ್ನದೆ ಇದ್ದಿದ್ರೆ ನನ್ನ ಗತಿ ಏನಾಗ್ತಿತ್ತು ಮೇಷ್ಟ್ರೆ," ಎಂದ.

"ಎದ್ದೇಳಲೇ. ಪ್ಯಾಂಟು ಹೊಲಸಾಗ್ತೈತೆ," ಎಂದರು ಗುರುಗಳು.

ಎರಡು ತಿಂಗಳ ಮೇಲೆ ಗದಗಿನಿಂದ ಒಂದು ಪಾರ್ಸಲ್ ಬಂತು. ಒಳಗೆ ಹೊಸ ದುಂಬಿ, ಜೊತೆಗೊಂದು ಚೀಟಿ. ಕೊಟ್ರೇಶ ಅದನ್ನು ಎದೆಗವಚಿಕೊಂಡು ಹೊಳೆದಂಡೆಗೆ ಓಡಿಬಂದು ಚೀಟಿಯನ್ನು ಗಟ್ಟಿಯಾಗಿ ಓದಿದ.

"ಅಣ್ಣಾರ, ಇದು ನಿಮಗ, ನನ್ನ ಕಡೆಯಿಂದ. ಒಳಗಿನ ಸಾಮಾನು ಈ ಸಲ ಬ್ಯಾರೆ ಅಂಗಡಿದು. ಇಂಥವು ನಲವತ್ತು ಕಟ್ಟಿಟ್ಟೀನಿ. ರೇಡಿಯೋದಾಗ ಚಲೋ ಕೇಳಸತೈತಿ. ನೀವು ಬಾರಿಸಿ ಹೂಂ ಅಂದ್ರ ಎಲ್ಲಾ ಕಳಸಿಬಿಡ್ತೀನಿ. ನಿಮ್ಮ ಮಾತಿಗೆ ಕಾದೀನಿ. ಮಾಬೂಬಿ."

"ನೋಡಿ ಮೇಷ್ಟ್ರೆ, ಎಂಥಾ ಮನಸ್ಸು! ನಾನು ಅವರ ಹೊಟ್ಟೆ ಮೇಲೆ ಹೊಡೆದವನು, ನಂಗೇ ಕಾಣಿಕೆ ಕಳಿಸಿದಾರೆ. ಭಾಳ ಚೆನ್ನಾಗೈತೆ ಅಂತ ಈಗಲೇ ಬರೀತೀನಿ."

"ಬಾರಿಸಿದ್ಯಾ?"

"ಹೂಂ, ಬಾರಿಸ್ದೆ."

"ನನ್ನ ಮುಂದೊಂದು ಸಲ ಬಾರಿಸು."

ಕೊಟ್ರೇಶ ತೆಳು ತಂತಿಗಳ ಮೇಲೆ ಬಾರಿಸಿದ. ದನಿ ಜೇನಿನಂತಿತ್ತು. ಗುರುಗಳು ಕಣ್ಣುಮುಚ್ಚಿ ಕೇಳಿದರು.

"ದಪ್ಪ ತಂತಿ?"

ಕೊಟ್ರೇಶ ಗಿಟಾರಿನ ಶ್ರುತಿ ಸರಿಮಾಡಿಕೊಳ್ಳುವವನ ಹಾಗೆ ತಲೆ ಬಗ್ಗಿಸಿದ. ಶ್ರುತಿ ಸರಿಯಾಗಿಯೇ ಇತ್ತು.

"ದಪ್ಪ ತಂತಿ ಕೊಟ್ರೇಶ."

ಮೀಟಿದ. ನಾದ ಎದ್ದಿತು, ಅರ್ಧ ದಾರಿಯಲ್ಲಿ ಚರಚರ ಎಂದು ಹರಿದು, ಪಟ್ಟನೆ ನಿಂತುಹೋಯಿತು. ಇನ್ನೊಮ್ಮೆ ಮೀಟಿದ. ಮತ್ತೆ ಹಾಗೆಯೇ ಆಯಿತು.

"ಯಾವಾಗ ಕೇಳಿಸ್ತು ನಿಂಗೆ?"

"ಮನೇಲೇ. ಮೊದಲ್ನೇ ಸಲಕ್ಕೇ." ಕೊಟ್ರೇಶನ ದನಿ ಇಳಿಯಿತು. "ಒಂದೇ ಒಂದು ಬಿಡಿಸಾಮಾನು ಬದಲಾಯಿಸಿದ್ರೆ ಸರಿಹೋಗ್ತೈತೆ ಮೇಷ್ಟ್ರೆ. ಆದ್ರೆ ನಲವತ್ತನ್ನೂ ಮತ್ತೆ ಬಿಚ್ಚಬೇಕು."

"ಹೇಳದೆ ಇದ್ರೆ?"

"ನಲವತ್ತೂ ಕೊಂಡವರ ಮನೆಗೆ ಹೋಗ್ತವೆ. ಕೆಲವರಿಗೆ ಗೊತ್ತಾಗ್ಲಿಕ್ಕಿಲ್ಲ. ಕೆಲವು ವಾಪಸ್ ಬರ್ತವೆ."

"ಎರಡನೇ ಸಲ ವಾಪಸ್ ಬಂದ್ರೆ?"

ಎರಡನೇ ಸಲಕ್ಕೆ ಮಾಬೂಬಿಯ ಕಸುಬೇ ನಿಂತು ಆ ಮೇಜು ಖಾಲಿಯಾಗುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

"ನನ್ನ ಬಾಯಿಂದ ಹೆಂಗೆ ಬರಬೇಕು ಮೇಷ್ಟ್ರೆ?" ಎಂದ ಕೊಟ್ರೇಶ. "ಒಂದು ಸಲ ಇದೇ ಬಾಯಿಂದ ಅವರ ಕೆಲಸಾನ ನೊಣ ಅಂದೀನಿ. ಅವರು ನೀರು ಕೊಟ್ರು, ತಿನ್ನಾಕೆ ಕೊಟ್ರು, ಒಂದು ಮಾತು ಅನ್ಲಿಲ್ಲ. ಈಗ ಮತ್ತೆ ತಪ್ಪು ಎತ್ತಿ ಆಡಿದ್ರೆ ನನ್ನ ನಾಲಿಗೆಗೆ ಹುಳ ಬೀಳ್ತೈತೆ. ಅವರು ನನ್ನ ಕ್ಷಮಿಸಿದಾರೆ ಮೇಷ್ಟ್ರೆ."

ಗುರುಗಳು ಎದ್ದು ಬಂದು ಅವನ ತೊಡೆಯ ಮೇಲಿದ್ದ ಗಿಟಾರನ್ನು ತೆಗೆದಿಟ್ಟರು. ಮಗ್ಗುಲಲ್ಲೇ ಕೂತು, ಅವನ ಬೆನ್ನ ಮೇಲೆ ಕೈಯಿಟ್ಟರು. ಅವನು ಕಲಿಯಲು ಬಂದ ಆರು ವರ್ಷದಲ್ಲಿ ಹಾಗೆ ಕೈಯಿಟ್ಟದ್ದು ಅದೇ ಮೊದಲು.

"ಕ್ಷಮಿಸಿದವರಿಗೇ ನಿಜ ಹೇಳಾಕೆ ಆಗಲ್ಲ ಅಂದ್ರೆ," ಎಂದರು, "ಇನ್ಯಾರಿಗೆ ಹೇಳ್ತೀಯೋ ಮಗಾ?"