ರಜೆ ಕೇಳಿದ ಬ್ಯಾಟರಿ

ಮೀನು ಹಿಡಿಯುವ ಬೋಟಿನ ಒಡತಿ ವಾರಿಜಮ್ಮನವರ ಹಳೆಯ ಡೈರಿಯಲ್ಲಿ ೧೯೯೭ರ ಜೂನ್ ಹದಿನೈದರಂದು ಹೀಗಿದೆ: "ಮಳೆಗಾಲ. ಬೋಟು ದಡಕ್ಕೆ ಬಂತು. ಬ್ಯಾಟರಿ ಎರಡು."

ದೊಡ್ಡದು ಎಂಜಿನ್ ಎಬ್ಬಿಸುವಂಥದ್ದು, ಚಿಕ್ಕದು ಬೋಟಿನ ದೀಪ ಉರಿಸುವಂಥದ್ದು. ಎರಡನ್ನೂ ಮನೆಗೆ ಒಯ್ದು ಆಗಾಗ ಚಾರ್ಜ್ ಮಾಡಬೇಕೆಂದು ವಾರಿಜಮ್ಮ ಬಂದರೆ, ದೊಡ್ಡದು ಕೂತಲ್ಲಿಂದ ಏಳಲಿಲ್ಲ.

"ಹತ್ತು ತಿಂಗಳು ದುಡಿದಿದ್ದೇನಮ್ಮಾ. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್, ಇನ್ನೆರಡು ತಿಂಗಳು ನನಗೆ ರಜೆ. ಕೆಲಸವಿಲ್ಲದವನಿಗೆ ಊಟ ಯಾಕೆ?"

"ಸುಮ್ಮನೆ ಕೂತರೂ ನಿನ್ನ ಚಾರ್ಜ್ ಸೋರುತ್ತದೆ ಮಾರಾಯ."

"ನೀವು ಬಿ.ಎಸ್ಸಿ. ಓದಿರಬಹುದು. ಆದರೆ ಬ್ಯಾಟರಿ ನಾನಲ್ಲವೇ?"

ಆ ಮಾತು ವಾರಿಜಮ್ಮನವರಿಗೆ ನಾಟಿತು. "ಹಾಗಾದರೆ ನಿನ್ನ ಪಾಡು ನಿನಗೆ," ಎಂದು ಚಿಕ್ಕದನ್ನು ಮಾತ್ರ ಎತ್ತಿಕೊಂಡು ಹೋದರು. ಅದು ಕರೆಂಟು ಹೋದಾಗಲೆಲ್ಲ ಅಡುಗೆಮನೆಗೆ ಬೆಳಕು ಕೊಟ್ಟಿತು, ಡಿಸ್ಟಿಲ್ಡ್ ವಾಟರ್ ಕುಡಿಯಿತು, ಹೊಟ್ಟೆ ತುಂಬ ಚಾರ್ಜ್ ಉಂಡಿತು. ದೊಡ್ಡದು ಬೋಟಿನಲ್ಲೇ ಮಲಗಿತು.

ಶ್ರಾವಣದ ನೂಲ ಹುಣ್ಣಿಮೆಗೆ ಕಡಲಿಗೆ ಹಾಲೆರೆದು ಬೋಟುಗಳೆಲ್ಲ ನೀರಿಗಿಳಿದವು. ಚಿಕ್ಕದೂ ಬೋಟಿಗೆ ಮರಳಿತು. ದೊಡ್ಡದು ಎದೆಯುಬ್ಬಿಸಿ ಬಲ ಹಾಕಿತು. ಎಂಜಿನ್ 'ಟಿಕ್' ಎಂದಿತು, ಅಷ್ಟೇ.

"ಏನಣ್ಣಾ, ಇನ್ನೂ ನಿದ್ದೆಯಾ?" ಚಿಕ್ಕದು ಕೇಳಿತು.

"ನಾನು ಎದ್ದಿದ್ದೇನೆ ತಮ್ಮಾ. ಎಂಜಿನನ್ನು ಎಬ್ಬಿಸಲು ಆಗುತ್ತಿಲ್ಲ. ನೀನೇ ಒಂದು ಕೈ ನೋಡು."

"ದೀಪ ಕೇಳಿದರೆ ಬೆಳಗಿನವರೆಗೂ ಉರಿಸಿಯೇನು. ಆ ರಾಕ್ಷಸನನ್ನು ಎಬ್ಬಿಸುವುದು ನನ್ನಿಂದಾಗದು."

ಉಳಿದ ಬೋಟುಗಳು ಗುಡುಗುಡು ಎನ್ನುತ್ತ ಅಳಿವೆ ದಾಟಿ ಕಡಲು ಸೇರಿದವು. ವಾರಿಜಮ್ಮನವರ ಬೋಟು ಅಂದು ಬಂದರಿನ ದಕ್ಕೆ ಬಿಟ್ಟು ಕದಲಲಿಲ್ಲ.

ಮತ್ತೆ ಚಾರ್ಜ್ ಹಿಡಿಯದ ದೊಡ್ಡದು ಗುಜರಿಗೆ ಹೋಯಿತು. ಹೊಸ ಬ್ಯಾಟರಿಗೆ ಮೂರು ಸಾವಿರದ ಇನ್ನೂರು ರೂಪಾಯಿ ಹಿಡಿಯಿತು. ಮೊದಲ ದಿನದ ಬಂಗುಡೆ ಮೀನಷ್ಟೂ ಪಕ್ಕದ ಬೋಟಿನವರ ಪಾಲಾಯಿತು.