ಹಿಂದೆ ತಿರುಗಿ ನೋಡಿದ ದಳವಾಯಿ

ಬಾ ಗಂಗೀ, ನನ್ನ ಪಕ್ಕ ಮಲ್ಕೋ. ಮೆಲ್ಲಗೆ ಬಾರೇ, ತಮ್ಮ ಮಲಗಿದಾನೆ, ಅವನ ಕಾಲು ತುಳಿದೀಯ, ಪಾಪ ಬೆಳಿಗ್ಗೆ ಮುಳ್ಳು ಚುಚ್ಚಿಸ್ಕೊಂಡಿದಾನೆ. ಏನು ಕೇಳಿದೆ? ಹಿಂದಿನ ಕಾಲದ ದೊಡ್ಡ ದೊಡ್ಡ ದಳವಾಯಿಗಳು ಯುದ್ಧ ಹೆಂಗೆ ಗೆಲ್ತಿದ್ರು ಅಂತಲಾ? ನಿಮ್ಮ ಕ್ಲಾಸಲ್ಲಿ ಏನಂದ್ರು, ಕತ್ತಿ? ಕುದುರೆ? ಮೀಸೆ ಅಂದೋನು ಯಾವನೇ? ಮೀಸೆಯಿಂದ ಯುದ್ಧ ಗೆಲ್ಲೋ ಹಾಗಿದ್ರೆ ನಿಮ್ಮ ತಾತ ಚಕ್ರವರ್ತಿ ಆಗ್ಬೇಕಿತ್ತು. ಹೇಳ್ತೀನಿ ಕೇಳು, ಹೂಂ ಅಂತಿರಬೇಕು.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ಗುಂಡುಗಲ್ಲು ದುರ್ಗ ಅಂತ ಒಂದು ಕೋಟೆ ಇತ್ತಂತೆ. ಬಂಡೆ ಮೇಲೆ ಬಂಡೆ, ಎತ್ತ ನೋಡಿದ್ರೂ ಬಂಡೆ, ಒಳಗೆ ಹೋಗೋಕೆ ಒಂದೇ ದಾರಿ, ಅದೂ ಎರಡು ಬಂಡೆ ನಡುವಿನ ಒಂದು ಇಕ್ಕಟ್ಟಿನ ಗಂಡಿ. ಆ ಕೋಟೆಗೆ ಭರಮಣ್ಣ ಅಂತ ದಳವಾಯಿ, ಅಂದ್ರೆ ಸೈನ್ಯಕ್ಕೆಲ್ಲ ಯಜಮಾನ. ಅವನ ಹೆಂಡ್ತಿ ಮಾರಕ್ಕ, ಗಟ್ಟಿಗಿತ್ತಿ. ಅವರಿಗೆ ಮೂರು ಜನ ಗಂಡುಮಕ್ಕಳು. ದೊಡ್ಡೋನು ಗಾದ್ರಣ್ಣ, ಕತ್ತಿ ಹಿಡಿದ್ರೆ ಹುಲಿ. ನಡುವಿನೋನು ಜಂಪಣ್ಣ, ಮಹಾ ಬುದ್ಧಿವಂತ, ಯುದ್ಧಾನೆಲ್ಲ ಮೊದಲೇ ಮರಳಲ್ಲಿ ಗೆರೆ ಎಳೆದು ತೋರಿಸ್ತಿದ್ದನಂತೆ. ಮೂರನೆಯೋನು ತಿಪ್ಪಣ್ಣ. ಅವನಿಗೇನು ಬರ್ತಿತ್ತು ಅಂತೀಯಾ? ಅದೇ ಯಾರಿಗೂ ಗೊತ್ತಿರಲಿಲ್ಲವಂತೆ. ಅಣ್ಣಂದಿರು ಎಲ್ಲಿಗೆ ಹೊರಟ್ರೂ ಅವನು ಕೊನೇಲಿ, ಧೂಳು ತಿಂತಾ ನಡೀತಿದ್ದ.

ಈಗ ಆ ಕೋಟೆಯಲ್ಲಿ ಒಂದು ಶಾಸ್ತ್ರ ಇತ್ತು, ಅದನ್ನ ಮರೀಬೇಡ. ದಳವಾಯಿ ಯುದ್ಧಕ್ಕೆ ಹೊರಟಾಗ ಹೆಬ್ಬಾಗಿಲಲ್ಲಿ ಹೆಂಗಸರು ಆರತಿ ಎತ್ತೋರು. ಆರತಿ ಆದ ಮೇಲೆ ಅವನು ಹಿಂದೆ ತಿರುಗಿ ನೋಡೋ ಹಾಗಿಲ್ಲ, ಹಿಂದಿನಿಂದ ಯಾರೂ ಅವನನ್ನ ಕರೆಯೋ ಹಾಗೂ ಇಲ್ಲ. ಮಾಡಿದ್ರೆ ಅಪಶಕುನ. ಈ ಕೋಟೆ ಒಂದೇ ಅಲ್ಲ, ಆ ಸೀಮೆಯ ಪಾಳೇಗಾರರೆಲ್ಲ ಹಂಗೇ ನಡ್ಕೊಂಡು ಬಂದೋರು. ಈಗಲೂ ಹೊರಟೋರನ್ನ ಹಿಂದಿನಿಂದ ಕರೆದ್ರೆ ನಿಮ್ಮಮ್ಮ ಬೈಯಲ್ವಾ, ಹಂಗೆ.

ಹಿಂಗಿರೋವಾಗ ಭರಮಣ್ಣನಿಗೆ ಕಣ್ಣು ಮಂಜಾಯ್ತಂತೆ. ಅದೇ ಹೊತ್ತಿಗೆ ಕೆಂಗುಡ್ಡದ ಪಾಳೇಗಾರ ದೊಡ್ಡ ದಂಡು ಕಟ್ಕೊಂಡು ಬಂದು ಗಂಡಿ ಆಚೆಗಿನ ಕೆರೆ ಏರಿ ಮೇಲೆ ಬೀಡು ಬಿಟ್ಟ. ಕೋಟೆ ಕೊಡ್ತೀರೋ, ಕಿತ್ಕೊಳ್ಳಲೋ ಅಂದ. ಭರಮಣ್ಣ ಮಕ್ಕಳನ್ನ ಕರೆದು, ಇವನನ್ನ ಓಡಿಸಿ ಬಂದೋರ ತಲೆಗೇ ನನ್ನ ದಳವಾಯಿ ರುಮಾಲು ಅಂದನಂತೆ.

ಮೊದಲು ಗಾದ್ರಣ್ಣ ಹೊರಟ. ಆರತಿ ಆಯ್ತು, ಕುದುರೆ ಹತ್ತಿದ, ಹೊಡಿ ಅಂದ್ರೆ ಹೊಡಿ. ಕುದುರೆ ಗಾಳಿ ಹಂಗೆ ಹೋಗ್ತಿದೆ, ಹಿಂದೆ ದಂಡು ಓಡಿ ಓಡಿ ಏದುಸಿರು ಬಿಡ್ತಿದೆ. ಕರೆಯೋ ಹಾಗಿಲ್ಲವಲ್ಲ! ಆಮೇಲೆ ಕೆರೆ ಏರಿ ಹತ್ತಿ, ಹೊಡೀರಿ ಅಂತ ಕತ್ತಿ ಎತ್ತಿದ್ರೆ, ಹೊಡೆಯೋಕೆ ಯಾರಿದಾರೆ? ಇವನು, ಇವನ ಕುದುರೆ. ಹಿಡಿದು ಕಟ್ಟಿಹಾಕಿದ್ರಂತೆ.

ಆಮೇಲೆ ಜಂಪಣ್ಣ ಹೊರಟ. ಅಣ್ಣ ದುಡುಕಿದ, ನಾನು ನಿಧಾನವಾಗಿ ಹೋಗ್ತೀನಿ ಅಂತ ಎದೆ ಸೆಟೆದು ನಡೆದ. ಬನ್ನಿ ಮರದ ಹತ್ರ ದಾರಿ ಎರಡಾಗುತ್ತೆ, ಧೂಳಲ್ಲಿ ಮುಂದಿನೋರು ಕಾಣದೆ ದಂಡಿನ ಮುಕ್ಕಾಲು ಪಾಲು ತಪ್ಪು ದಾರಿ ಹಿಡಿದುಬಿಡ್ತು. ಜಂಪಣ್ಣನ ಹಿಂದೇನೇ ಇದ್ದೋರಿಗೆ ಗೊತ್ತಾಯ್ತು, ಆದ್ರೂ ಕರೀಲಿಲ್ಲ, ಅಪಶಕುನ ಯಾರು ತಲೆಗೆ ಕಟ್ಕೋತಾರೆ? ಕೆರೆ ಏರಿ ಹತ್ರ ಹೋಗಿ ಜಂಪಣ್ಣ ಕಹಳೆ ಊದಿಸ್ದ, ಬಲಗಡೆಯಿಂದ ಬರಬೇಕಾದೋರು ಬರಲಿಲ್ಲ, ಎಡಗಡೆಯೋರೂ ಇಲ್ಲ. ಅವನನ್ನೂ ಕಟ್ಟಿಹಾಕಿದ್ರು. ಮಾರನೇ ದಿನ ಪಾಳೇಗಾರ ಹೇಳಿ ಕಳಿಸ್ದ, ನಾಳೆ ಕೋಟೆ ಬಾಗಿಲು ತೆಗೀರಿ, ಇಲ್ಲಾಂದ್ರೆ ಇಬ್ಬರ ತಲೆಯೂ ಕೆರೆ ಏರಿ ಮೇಲೆ ಉರುಳುತ್ತೆ ಅಂತ. ಮಾರಕ್ಕ ತಿಪ್ಪಣ್ಣನ ಮುಖ ನೋಡಿದಳು. ಉಳಿದಿರೋದು ಒಂದೇ ಕುಡಿ, ಅದನ್ನ ಕಳಿಸೋದೋ, ಬಿಡೋದೋ?

ತಿಪ್ಪಣ್ಣ, ನಾನು ಹೋಗ್ತೀನಿ ಕಣವ್ವಾ ಅಂದ. ಮಾರನೇ ಬೆಳಿಗ್ಗೆ ಅವ್ವ ಆರತಿ ಎತ್ತಿದಳು. ಅವನು ಹೆಬ್ಬಾಗಿಲು ದಾಟಿದ, ನಾಲ್ಕು ಹೆಜ್ಜೆ ಹೋದ, ಆಮೇಲೆ ಏನು ಮಾಡಿದ ಹೇಳು? ನಿಂತು, ಹಿಂದೆ ತಿರುಗಿ ನೋಡಿದ!

ಅಯ್ಯಯ್ಯೋ ಅಂದ್ರಂತೆ ಹೆಂಗಸರು. ಕೆಟ್ಟೆವು ಅಂತ ಮುದುಕರು ಹಣೆ ಚಚ್ಚಿಕೊಂಡ್ರು. ತಿಪ್ಪಣ್ಣ ಮಾತ್ರ, ಹುಟ್ಟಿದಾಗಿನಿಂದ ಹಿಂದೇನೇ ನಡೆದೋನು ನಾನು, ಬಿದ್ರೂ ಎದ್ರೂ ಯಾರೂ ನನ್ನ ತಿರುಗಿ ನೋಡಲಿಲ್ಲ, ಆ ಸಂಕಟ ನನಗೆ ಗೊತ್ತು, ನನ್ನ ಹಿಂದೆ ಬರೋರು ಯಾರು, ಹೆಂಗಿದಾರೆ ಅಂತ ನೋಡದೆ ನಾನು ಹೋಗಲ್ಲ ಅಂದನಂತೆ. ನೋಡಿದ. ಒಬ್ಬ ಕುಂಟ್ತಿದಾನೆ, ಕೂರಿಸಿ ಮುಳ್ಳು ತೆಗೆದ. ಹೊಸಬರು ಹೆದರಿ ಬೆವರ್ತಿದಾರೆ, ಅವರನ್ನ ಹಳಬರ ಪಕ್ಕಕ್ಕೆ ನಿಲ್ಲಿಸ್ದ. ನೀರು ಹೊರೋ ಎಮ್ಮೆಗಳು ಇನ್ನೂ ಬಾಗಿಲೇ ದಾಟಿಲ್ಲ, ಕಾದ. ಆಮೇಲೆ, ನಾನು ಜೋರಾಗಿ ಹೋದ್ರೆ, ದಾರಿ ತಪ್ಪಿದ್ರೆ, ಹಿಂದಿನಿಂದಲೇ ಕೂಗಿ ಕರೀರಿ, ಶಕುನ ನನ್ನ ತಲೆಗಿರ್ಲಿ ಅಂದ. ದಂಡಿಗೆ ಹೋದ ಜೀವ ಬಂದಂಗಾಯ್ತಂತೆ.

ಗಂಡಿ ದಾಟಿ ಸ್ವಲ್ಪ ದೂರ ಹೋಗಿದಾರೆ, ಹಿಂದಿನ ಸಾಲಲ್ಲಿದ್ದ ಒಬ್ಬ ಬಂಡೆ ಹತ್ತಿ, ದಳವಾಯೀ ನಿಲ್ಲಿ, ಅಲ್ಲಿ ಧೂಳು ಏಳ್ತಿದೆ ಅಂತ ಕೂಗಿದ. ತಿಪ್ಪಣ್ಣನೂ ಹತ್ತಿ ನೋಡಿದ. ಕೆಂಗುಡ್ಡದ ಪಾಳೇಗಾರ ಕೋಟೆ ತಗೊಳ್ಳೋಕೆ ತಾನೇ ಬರ್ತಿದಾನೆ. ಬಿಳೀ ಕುದುರೆ ಮೇಲೆ ಅವನು ಮುಂದೆ, ದಂಡು ಎಷ್ಟೋ ಹಿಂದೆ. ತಿಪ್ಪಣ್ಣನಿಗೆ ನಗು ಬಂತಂತೆ. ಯಾಕೆ ಹೇಳು? ಹ್ಞಾಂ, ಜಾಣೆ! ಅವನೂ ತಿರುಗಿ ನೋಡಲ್ಲವಲ್ಲ!

ಎಲ್ಲಾರೂ ಬಂಡೆ ಮರೆಗೆ ಸರಿದ್ರು. ಬಿಳೀ ಕುದುರೆ ಗಂಡಿ ಒಳಗೆ ಹೋಯ್ತು. ಹೋಗಿದ್ದೇ ತಡ, ಇವರೂ ಅದರ ಹಿಂದೇನೇ ಒಳಗೆ ಸರಿದು ಗಂಡಿಗೆ ಜಾಲಿಮುಳ್ಳು ಎಳೆದ್ರು, ಕಲ್ಲು ಉರುಳಿಸಿದ್ರು. ಅವನ ದಂಡು ಅತ್ತ ಕಡೆ ಉಳೀತು. ಕರೆಯೋಣ ಅಂದ್ರೆ ಬಾಯಿಗೆ ಬೀಗ, ಶಾಸ್ತ್ರ ಅಡ್ಡ. ತಿಪ್ಪಣ್ಣನ ಕಡೆಯೋರು ಮಾತಿಲ್ಲದೆ ಕುದುರೆ ಹಿಂದೆ ಸಾಲಾಗಿ ನಡೆದ್ರು, ಧಪ್ ಧಪ್ ಧಪ್. ಪಾಳೇಗಾರ ಹೆಜ್ಜೆ ಸದ್ದು ಕೇಳಿ, ನಮ್ಮ ದಂಡು ಎಷ್ಟು ಚೆನ್ನಾಗಿ ಬರ್ತಿದೆ ಅಂತ ಮೀಸೆ ತಿರುವಿದನಂತೆ. ಮೀಸೆ ಅಂದೋನಿಗೆ ಇದನ್ನ ನಾಳೆ ಹೇಳು.

ಹೆಬ್ಬಾಗಿಲ ಮುಂದೆ ನಿಂತು, ತೆಗೀರಿ ಬಾಗಿಲು ಅಂತ ಗರ್ಜಿಸಿದ. ಮೇಲಿಂದ ಮಾರಕ್ಕ ನೋಡಿದಳು, ಹಿಂದೆ ನಿಂತಿರೋ ಮಗ ಕಂಡ, ಸೆರಗಲ್ಲಿ ನಗು ಮುಚ್ಕೊಂಡಳು. ಅಪ್ಪಾ, ಒಂದ್ಸಲ ಹಿಂದೆ ನೋಡಪ್ಪಾ ಅಂದಳು. ನನಗೆ ಅಪಶಕುನ ಮಾಡಿಸ್ತೀಯಾ, ನೋಡಲ್ಲ ಅಂದ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಅಂದಳು. ನೋಡೋದೇ ಇಲ್ಲ ಅಂದ. ಮೂರನೇ ಸಲ ತಿಪ್ಪಣ್ಣನೇ, ನಾಯಕರೇ, ಹಿಂದಿನಿಂದ ಕರೀತಿದೀನಿ, ಬೇಜಾರು ಮಾಡ್ಕೋಬೇಡಿ ಅಂದ. ಪಾಳೇಗಾರ ತಿರುಗಿದ. ಒಂದು ಮುಖಾನೂ ಅವನ ಕಡೇದಲ್ಲ!

ಒಂದು ತೊಟ್ಟು ರಕ್ತ ಬೀಳಲಿಲ್ಲವಂತೆ ಗಂಗೀ. ಅವನನ್ನ ಬಿಟ್ಟುಕೊಟ್ಟು ಅಣ್ಣಂದಿರನ್ನ ಬಿಡಿಸ್ಕೊಂಡ್ರು, ಇನ್ನು ಈ ಕಡೆ ತಲೆ ಹಾಕಲ್ಲ ಅಂತ ಅವನು ದೇವರ ಮೇಲೆ ಆಣೆ ಇಟ್ಟು ಹೋದ. ಭರಮಣ್ಣ ರುಮಾಲು ಹಿಡಿದು ಬಾಗಿಲಲ್ಲಿ ನಿಂತಿದ್ದ. ಗಾದ್ರಣ್ಣ ಬಂದ, ಜಂಪಣ್ಣ ಬಂದ, ದಂಡು ಬಂತು, ಎಮ್ಮೆಗಳೂ ಬಂದ್ವು. ತಿಪ್ಪ ಎಲ್ಲೋ, ತಿಪ್ಪ ಬರಲಿಲ್ವೇನೋ ಅಂತ ಕಣ್ಣು ಕಾಣದ ಮುದುಕ ಅಳೋ ಹಾಗಾದ. ಕೊಟ್ಟಕೊನೆಗೆ ತಿಪ್ಪಣ್ಣ ಬಂದು, ಎಲ್ಲಾರೂ ಒಳಗೆ ಬಂದ್ರಾ ಅಂತ ನೋಡ್ತಿದ್ದೆ ಅಪ್ಪಾ ಅಂದ. ಮುದುಕ ತಡವಿ ತಡವಿ ಮಗನ ತಲೆ ಹುಡುಕಿ ರುಮಾಲು ಕಟ್ಟಿದ. ಗಾದ್ರಣ್ಣ ಅವನಿಗೆ ಕತ್ತಿಯಾದ, ಜಂಪಣ್ಣ ಬುದ್ಧಿಯಾದ, ಮೂರೂ ಜನ ಕೋಟೆ ಕಾಯ್ತಾ ಸುಖವಾಗಿದ್ರಂತೆ. ಅವತ್ತಿನಿಂದ ಆ ಹೆಬ್ಬಾಗಿಲಲ್ಲಿ, ಹೊರಟೋನು ಒಂದ್ಸಲ ತಿರುಗಿ ಎಲ್ಲರ ಮುಖ ನೋಡಿದ ಮೇಲೇ ಆರತಿಯಂತೆ.

ಯಾಕೇ ಮುಖ ಆ ಕಡೆ ತಿರುಗಿಸಿದೆ? ಇಲ್ಲ, ನಾನೇನೂ ನಿನಗೆ ಅಂತ ಹೇಳಲಿಲ್ಲ. ಬೆಳಿಗ್ಗೆ ಸ್ಕೂಲಿಗೆ ತಮ್ಮನನ್ನ ಕರ್ಕೊಂಡು ಹೋದೋಳು ನೀನೇ, ಮುಂದೆ ಓಡಿದೋಳೂ ನೀನೇ, ಅದು ಬೇರೆ ಮಾತು. ಅವನು ಕರೆದನಂತೆ, ನಿನಗೆ ಕೇಳಿಸಿರಲಿಕ್ಕಿಲ್ಲ. ಈಗ ಯಾಕೆ ಎದ್ದು ಕೂತೆ? ತಮ್ಮನ ಕಾಲಿಗೆ ಹೊದಿಕೆ ಇದೆಯಾ ಅಂತ ನೋಡ್ತೀಯಾ?

ನೋಡು ಕೂಸೇ, ನೋಡು. ಹೊದಿಸಿದ್ಯಾ? ಸರಿ, ಎಲ್ಲಾರೂ ಒಳಗೆ ಬಂದ್ರು, ಕೋಟೆ ಬಾಗಿಲಿಗೆ ಅಗಳಿ ಬಿತ್ತು, ಕತೆ ಮುಗೀತು. ಮಲ್ಕೋ.